ಕದಲದ ಕಾರು, ತಿರುಗುವ ತಲೆ: ರೇಸಿಂಗ್ ಸಿಮ್ಯುಲೇಟರ್ ಕೆಲಸ ಮಾಡುವ ಬಗೆ

ಮಳೆಗಾಲದಲ್ಲಿ ರಜೆ ಸಿಕ್ಕರೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದೆಂಬುದು ಕುಮಟಾದಂಥ ಕರಾವಳಿಯ ಊರಿನವರಿಗೆ ಪ್ರತಿ ವರ್ಷದ ತಲೆಬಿಸಿ. ಕಡಲಿಗೆ ಇಳಿಯುವಂತಿಲ್ಲ, ಜಲಪಾತಗಳ ಬಂಡೆಗಳು ಪಾಚಿಗಟ್ಟಿರುತ್ತವೆ. ಹೀಗಾಗಿ ಒಂದು ಭಾನುವಾರ ಆಯಿ, ತಂಗಿ, ಭಾವ, ಅವರ ಹದಿಮೂರು ವರ್ಷದ ಮಗ ಮತ್ತು ನಾನು ಬೆಳಗಿನ ರೈಲು ಹತ್ತಿ, ಮಡಗಾಂವಿನಲ್ಲಿ ಇಳಿದು, ಕಾರ್ ರೇಸಿನ ಸಿಮ್ಯುಲೇಟರ್‌ಗಳನ್ನು ಸಾಲಾಗಿ ಜೋಡಿಸಿಟ್ಟಿರುವ ಗೋವಾದ ಒಂದು ಕೇಂದ್ರಕ್ಕೆ ಹೋದೆವು. ಅಳಿಯ ಒಂದು ತಿಂಗಳಿನಿಂದ ಇದೊಂದೇ ಮಾತು ಆಡುತ್ತಿದ್ದ.

ಅಲ್ಲಿ ನಡೆದ ಎರಡು ಸಂಗತಿಗಳು ಈ ಲೇಖನಕ್ಕೆ ಕಾರಣ. ಕುಮಟಾ–ಶಿರಸಿ ರಸ್ತೆಯಲ್ಲಿ ಇಪ್ಪತ್ತು ವರ್ಷಗಳಿಂದ ಟೆಂಪೋ ಓಡಿಸುತ್ತಿರುವ, ದೇವಿಮನೆ ಘಟ್ಟದ ತಿರುವುಗಳನ್ನು ನಿದ್ದೆಯಲ್ಲೂ ಹೇಳಬಲ್ಲ ಭಾವ, ಮೊದಲ ಐದು ಸುತ್ತುಗಳಲ್ಲಿ ನಾಲ್ಕು ಬಾರಿ ಟ್ರ್ಯಾಕಿನ ಗೋಡೆಗೆ ಗುದ್ದಿದರು. ನಿಜವಾದ ಕಾರಿನ ಸ್ಟೇರಿಂಗನ್ನು ಒಮ್ಮೆಯೂ ಹಿಡಿದಿರದ ಅವರ ಮಗ ಒಂದು ಸುತ್ತನ್ನು ಅವರಿಗಿಂತ ಒಂಬತ್ತು ಸೆಕೆಂಡು ಬೇಗ ಮುಗಿಸಿದ. ಎರಡನೆಯದಾಗಿ, ನೆಲಕ್ಕೆ ಬಿಗಿದಿದ್ದ, ಒಂದಿಂಚೂ ಕದಲದ ಕುರ್ಚಿಯಲ್ಲಿ ಕುಳಿತು ಎರಡು ಸುತ್ತು ಓಡಿಸಿ ಇಳಿದ ಆಯಿ, ಗೋಡೆ ಹಿಡಿದುಕೊಂಡು, "ಘಟ್ಟ ಇಳದಾಂಗೆ ಆತು ಮಾರಾಯಾ, ಒಂದ್ನಮನಿ ತಲೆ ತಿರುಗ್ತು" ಎಂದರು. ಅನುಭವಿ ಚಾಲಕ ಸೋತದ್ದೇಕೆ, ಕದಲದ ಕುರ್ಚಿಯಲ್ಲಿ ಕುಳಿತವರಿಗೆ ತಲೆ ತಿರುಗಿದ್ದೇಕೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಜಾಗದಲ್ಲಿದೆ: ಓಡುವ ಕಾರು ನಮ್ಮ ದೇಹಕ್ಕೆ ಕಳಿಸುವ ಸುದ್ದಿಗಳಲ್ಲಿ ಯಾವುವನ್ನು ಈ ಯಂತ್ರ ಕೊಡುತ್ತದೆ, ಯಾವುವನ್ನು ಕೊಡಲಾರದು ಎಂಬಲ್ಲಿ.

ಸಿಮ್ಯುಲೇಟರ್ ಎಂದರೇನು

ನಿಜವಾದ ಯಂತ್ರವನ್ನು ನಡೆಸುವಾಗ ಆಗುವ ಅನುಭವವನ್ನು, ಆ ಯಂತ್ರವಿಲ್ಲದೆಯೇ ಉಂಟುಮಾಡುವ ಸಾಧನಕ್ಕೆ ಸಿಮ್ಯುಲೇಟರ್ ಎನ್ನುತ್ತಾರೆ. ಇದರ ಹುಟ್ಟು ವಿಮಾನದ ಲೋಕದಲ್ಲಿ. ಅಮೆರಿಕದ ಎಡ್ವಿನ್ ಲಿಂಕ್ ಅವರ ತಂದೆಯದು ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ. ಆರ್ಗನ್‌ಗೆ ಗಾಳಿ ಊದುವ ತಿದಿಗಳನ್ನೇ, ಅಂದರೆ ನಮ್ಮ ಭಜನೆಯ ಹಾರ್ಮೋನಿಯಂಗೆ ಇರುವಂಥ ತಿದಿಗಳನ್ನೇ, ಬಳಸಿ ಅವರು 1929ರಲ್ಲಿ ಒಂದು ಪುಟ್ಟ ವಿಮಾನದ ಪೆಟ್ಟಿಗೆಯನ್ನು ಅತ್ತಿತ್ತ ವಾಲುವಂತೆ ಮಾಡಿದರು. ಜಾತ್ರೆಯ ಆಟಿಕೆಯಂತಿದ್ದ ಆ ನೀಲಿ ಪೆಟ್ಟಿಗೆಯಲ್ಲಿ ಕುಳಿತೇ ಎರಡನೇ ಮಹಾಯುದ್ಧದ ಕಾಲದ ಲಕ್ಷಾಂತರ ಪೈಲಟ್‌ಗಳು ಮೋಡದೊಳಗೆ ಹಾರುವುದನ್ನು ಕಲಿತರು.

ಇಂದಿನ ರೇಸಿಂಗ್ ಸಿಮ್ಯುಲೇಟರಿನಲ್ಲಿ ತಿದಿಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಅದರೊಳಗಿನ ತಂತ್ರಾಂಶವು ನಾಲ್ಕು ಟೈರುಗಳಲ್ಲಿ ಪ್ರತಿಯೊಂದರ ಮೇಲೆ ಎಷ್ಟು ಭಾರವಿದೆ, ಅದು ಎಷ್ಟು ಬಿಸಿಯಾಗಿದೆ, ರಸ್ತೆಯನ್ನು ಹಿಡಿದಿದೆಯೋ ಜಾರುತ್ತಿದೆಯೋ ಎಂಬುದನ್ನು ಸೆಕೆಂಡಿಗೆ ನೂರಾರು ಬಾರಿ ಲೆಕ್ಕ ಹಾಕುತ್ತದೆ. ಮೊಬೈಲಿನ ಕಾರ್ ಆಟಕ್ಕೂ ಇದಕ್ಕೂ ಇರುವ ಮುಖ್ಯ ಅಂತರ ಇದು. ಮೊಬೈಲ್ ಆಟದಲ್ಲಿ ಆಡುವವನಿಗೆ ಖುಷಿಯಾಗುವಂತೆ ಕಾರು ತಿರುಗುತ್ತದೆ. ಇಲ್ಲಿ ಲೆಕ್ಕ ಹೇಗೆ ಹೇಳುತ್ತದೆಯೋ ಹಾಗೆ ತಿರುಗುತ್ತದೆ, ತಿರುಗದಿದ್ದರೆ ಗೋಡೆಗೆ ಹೋಗುತ್ತದೆ. ಒಳ್ಳೆಯ ಸಿಮ್ಯುಲೇಟರ್‌ಗಳಲ್ಲಿ ಟ್ರ್ಯಾಕುಗಳೂ ಕಲ್ಪನೆಯವಲ್ಲ. ನಿಜವಾದ ಟ್ರ್ಯಾಕಿನ ಮೇಲೆ ಲೇಸರ್ ಕಿರಣ ಹಾಯಿಸಿ ಅಳೆದು, ಅಲ್ಲಿನ ಉಬ್ಬು ತಗ್ಗುಗಳನ್ನೆಲ್ಲ ಹಾಗೆಯೇ ಕಂಪ್ಯೂಟರಿಗೆ ಇಳಿಸಿರುತ್ತಾರೆ.

ಲೆಕ್ಕದ ಫಲವು ಚಾಲಕನಿಗೆ ಪರದೆ, ಸ್ಪೀಕರ್, ಸ್ಟೇರಿಂಗ್ ಮತ್ತು ಕೆಲವು ಕಡೆ ಕುರ್ಚಿಯ ಮೂಲಕ ತಲುಪುತ್ತದೆ. ಅದಕ್ಕೆ ಅವನು ಕೈಕಾಲುಗಳಿಂದ ಕೊಡುವ ಉತ್ತರ ಮತ್ತೆ ಲೆಕ್ಕಕ್ಕೆ ಸೇರುತ್ತದೆ. ಈ ಸುತ್ತಾಟದಲ್ಲಿ ಒಂದಿಷ್ಟು ತಡವಾದರೂ ಚಾಲಕ ಹಳೆಯ ಸುದ್ದಿಗೆ ಉತ್ತರ ಕೊಟ್ಟಂತಾಗುತ್ತದೆ. ನೆಟ್‌ವರ್ಕ್ ಕಡಿಮೆಯಿರುವಾಗ ವಿಡಿಯೋ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುವುದನ್ನು ನೆನೆದರೆ ಇದರ ತೊಂದರೆ ತಿಳಿಯುತ್ತದೆ.

ಸ್ಟೇರಿಂಗ್ ಕೈಗೆ ಹೇಳುವ ಮಾತು

ಕೇಂದ್ರಕ್ಕೆ ಹೋದವರೆಲ್ಲರೂ ಮೊದಲು ದೊಡ್ಡ ಪರದೆಯನ್ನೂ ಅಲುಗಾಡುವ ಕುರ್ಚಿಯನ್ನೂ ನೋಡುತ್ತಾರೆ. ನನ್ನ ಎಣಿಕೆಯಲ್ಲಿ ಇಡೀ ವ್ಯವಸ್ಥೆಯ ಜೀವವಿರುವುದು ಸ್ಟೇರಿಂಗಿನಲ್ಲಿ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಿಜವಾದ ಕಾರಿನಲ್ಲಿ ತಿರುವು ಮುಗಿದ ಮೇಲೆ ಕೈ ಸಡಿಲಿಸಿದರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆ. ಆಸ್ಪತ್ರೆಯ ಸ್ಟ್ರೆಚರನ್ನೋ ಕಚೇರಿಯ ಉರುಳುಕುರ್ಚಿಯನ್ನೋ ತಳ್ಳುವಾಗ ಅದರ ಚಕ್ರಗಳು ತಾವಾಗಿಯೇ ಹೋಗುವ ದಿಕ್ಕಿಗೆ ತಿರುಗಿಕೊಳ್ಳುವುದನ್ನು ನೋಡಿರುತ್ತೇವೆ. ಚಕ್ರ ನೆಲ ಮುಟ್ಟುವ ಜಾಗವು ಅದರ ತಿರುಗಣೆಯ ಗೂಟಕ್ಕಿಂತ ಹಿಂದೆ ಇರುವುದು ಇದಕ್ಕೆ ಕಾರಣ. ನೆಲದ ಎಳೆತ ಚಕ್ರವನ್ನು ಹಿಂದಕ್ಕೆ ಎಳೆದು ನೇರ ಮಾಡುತ್ತದೆ. ಕಾರಿನ ಮುಂದಿನ ಚಕ್ರಗಳನ್ನು ಜೋಡಿಸುವ ರೀತಿಯಲ್ಲಿ ಇಂಥದೊಂದು ಹಿನ್ನಡೆ ಇದೆ. ಅದರ ಜೊತೆಗೆ ರಬ್ಬರ್ ಟೈರು ತಿರುವಿನಲ್ಲಿ ತಾನೂ ತಿರುಚಿಕೊಳ್ಳುವುದರಿಂದ, ರಸ್ತೆ ಅದನ್ನು ಪಕ್ಕಕ್ಕೆ ಒತ್ತುವ ಬಲವು ಟೈರಿನ ನಡುವಿಗೆ ಬೀಳದೆ ತುಸು ಹಿಂದೆ ಬೀಳುತ್ತದೆ. ಎರಡೂ ಸೇರಿ ಸ್ಟೇರಿಂಗನ್ನು ನೇರಕ್ಕೆ ಎಳೆಯುತ್ತಿರುತ್ತವೆ, ನಾವು ಅದಕ್ಕೆ ಎದುರಾಗಿ ಹಿಡಿದಿರುತ್ತೇವೆ. ತಿರುವಿನಲ್ಲಿ ಸ್ಟೇರಿಂಗ್ ಬಿಗಿಯಾದಂತೆ ಅನ್ನಿಸುವುದು ಇದರಿಂದಲೇ.

ಇಲ್ಲಿಂದ ಮುಂದಿನದು ನಿಜವಾಗಿಯೂ ಸ್ವಾರಸ್ಯಕರ. ವೇಗ ಹೆಚ್ಚಾಗಿ ಟೈರು ತನ್ನ ಹಿಡಿತದ ಮಿತಿಗೆ ಹತ್ತಿರವಾದಾಗ, ಅದು ನೆಲ ಮುಟ್ಟುವ ಜಾಗದ ಹಿಂಭಾಗ ಮೊದಲು ಜಾರಲು ಶುರುಮಾಡುತ್ತದೆ. ಆಗ ಒತ್ತುವ ಬಲ ಹಿಂದಿನಿಂದ ನಡುವಿಗೆ ಸರಿಯುತ್ತದೆ. ಟೈರು ಇನ್ನೂ ರಸ್ತೆಯನ್ನು ಹಿಡಿದೇ ಇರುತ್ತದೆ, ಆದರೆ ಸ್ಟೇರಿಂಗನ್ನು ನೇರ ಮಾಡುವ ಎಳೆತ ಕಡಿಮೆಯಾಗಿರುತ್ತದೆ. ಅಂದರೆ ಕಾರು ಜಾರುವುದಕ್ಕೆ ಸ್ವಲ್ಪ ಮೊದಲೇ ಸ್ಟೇರಿಂಗ್ ಹಗುರಾಗುತ್ತದೆ. ಮಳೆಗಾಲದಲ್ಲಿ ಕೆಂಪುಮಣ್ಣು ಹರಿದು ಬಂದ ಡಾಂಬರಿನ ಮೇಲೆ ತಿರುವು ತೆಗೆದುಕೊಂಡವರಿಗೆ ಆ ಹಗುರ ಗೊತ್ತು. ಹೊಟ್ಟೆಯೊಳಗೆ ಧಸಕ್ಕೆನ್ನುವ ಮೊದಲು ಅಂಗೈಗೆ ಸುದ್ದಿ ಬಂದಿರುತ್ತದೆ. ರೇಸಿನ ಚಾಲಕರು ಈ ಹಗುರದ ಅಂಚಿನಲ್ಲೇ ಕಾರನ್ನು ಇಟ್ಟುಕೊಂಡು ಓಡಿಸುತ್ತಾರೆ.

ಸಿಮ್ಯುಲೇಟರಿನ ಸ್ಟೇರಿಂಗ್ ಹಿಂದೆ ಒಂದು ಮೋಟಾರು ಇರುತ್ತದೆ. ಕಂಪ್ಯೂಟರ್ ಲೆಕ್ಕ ಹಾಕಿದ ಎಳೆತವನ್ನು ಆ ಮೋಟಾರು ನಮ್ಮ ಕೈಗೆ ಎದುರಾಗಿ ತಿರುಗಿಸಿ ತೋರಿಸುತ್ತದೆ. ಇದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಎಂದು ಹೆಸರು. ಅಗ್ಗದ ಸ್ಟೇರಿಂಗ್‌ಗಳಲ್ಲಿ ಸಣ್ಣ ಮೋಟಾರಿನ ಬಲವನ್ನು ಹಲ್ಲುಚಕ್ರ ಅಥವಾ ಬೆಲ್ಟ್ ಮೂಲಕ ದಾಟಿಸುತ್ತಾರೆ. ದಾರಿಯಲ್ಲಿ ಸೂಕ್ಷ್ಮವಾದದ್ದು ಒಂದಿಷ್ಟು ಸೋರಿಹೋಗುತ್ತದೆ. ಡೈರೆಕ್ಟ್ ಡ್ರೈವ್ ಎನ್ನುವ ಬಗೆಯಲ್ಲಿ ಸ್ಟೇರಿಂಗನ್ನು ದೊಡ್ಡ ಮೋಟಾರಿನ ಅಚ್ಚಿಗೇ ನೇರವಾಗಿ ಕೂರಿಸಿರುತ್ತಾರೆ.

ಇವುಗಳ ಬಲವನ್ನು ನ್ಯೂಟನ್ ಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮೀಟರ್ ಉದ್ದದ ಕೋಲನ್ನು ಅಡ್ಡ ಹಿಡಿದು ತುದಿಗೆ ಸುಮಾರು 100 ಗ್ರಾಂ ತೂಗುಬಿಟ್ಟರೆ ಕೋಲಿನ ಬುಡದಲ್ಲಿ ಆಗುವ ತಿರುಚುಬಲವೇ ಒಂದು ನ್ಯೂಟನ್ ಮೀಟರ್. 30 ಸೆಂಟಿಮೀಟರ್ ಅಗಲದ ಸ್ಟೇರಿಂಗಿನ ಅಂಚಿನಲ್ಲಿ, ಮನೆಬಳಕೆಯ 2 ನ್ಯೂಟನ್ ಮೀಟರಿನ ಯಂತ್ರ ಸುಮಾರು 1.4 ಕಿಲೋ ತೂಕದಷ್ಟು ಎಳೆಯುತ್ತದೆ. 8 ನ್ಯೂಟನ್ ಮೀಟರಿನದು ಸುಮಾರು ಐದೂವರೆ ಕಿಲೋ. 15ರದ್ದು ಹತ್ತು ಕಿಲೋ, ಅಂದರೆ ಮುಕ್ಕಾಲು ತುಂಬಿದ ಕೊಡಪಾನವನ್ನು ಬಾವಿಯಿಂದ ಎಳೆದಷ್ಟು. ಗೋಡೆಗೆ ಗುದ್ದಿದಾಗ ಈ ಬಲ ಒಮ್ಮೆಲೇ ಬರುತ್ತದೆ. ಅಲ್ಲಿನ ಹುಡುಗ ಅಳಿಯನಿಗೆ ಮೊದಲು ಹೇಳಿಕೊಟ್ಟದ್ದು ಗೇರನ್ನೂ ಅಲ್ಲ, ಬ್ರೇಕನ್ನೂ ಅಲ್ಲ: "ಹೆಬ್ಬೆರಳನ್ನು ಸ್ಟೇರಿಂಗಿನ ಕಡ್ಡಿಗಳ ಒಳಗೆ ಸಿಕ್ಕಿಸಬೇಡ, ಗುದ್ದುತ್ತದೆ ಅನ್ನಿಸಿದರೆ ಕೈ ಬಿಟ್ಟುಬಿಡು." ಮಕ್ಕಳನ್ನು ಕೂರಿಸುವವರು ಇದನ್ನು ಮರೆಯಬಾರದು, ಬಲವನ್ನು ತಗ್ಗಿಸಲು ತಂತ್ರಾಂಶದಲ್ಲೇ ವ್ಯವಸ್ಥೆ ಇರುತ್ತದೆ, ಕೇಳಿದರೆ ತಗ್ಗಿಸಿಕೊಡುತ್ತಾರೆ.

ಅಡಿಕೆ ತೂಗುವ ಯಂತ್ರ ಮತ್ತು ಬ್ರೇಕ್ ಪೆಡಲ್

ಭಾವ ಗೋಡೆಗೆ ಗುದ್ದಿದ ನಾಲ್ಕು ಬಾರಿಯಲ್ಲಿ ಮೂರು ಬಾರಿ ಕಾರಣ ಬ್ರೇಕ್.

ಸಾದಾ ಪೆಡಲ್‌ನಲ್ಲಿ ಅದು ಎಷ್ಟು ದೂರ ಕೆಳಗೆ ಹೋಯಿತು ಎಂಬುದನ್ನು ಅಳೆಯುತ್ತಾರೆ. ಒಳ್ಳೆಯ ಸಿಮ್ಯುಲೇಟರಿನ ಬ್ರೇಕಿನಲ್ಲಿ ಲೋಡ್ ಸೆಲ್ ಇರುತ್ತದೆ. ಅದು ಪೆಡಲ್ ಸರಿದ ದೂರವನ್ನು ಲೆಕ್ಕಿಸದೆ, ಕಾಲು ಎಷ್ಟು ಬಲವಾಗಿ ಒತ್ತಿತು ಎಂಬುದನ್ನು ಅಳೆಯುತ್ತದೆ. ಲೋಡ್ ಸೆಲ್ ನಮಗೆ ಅಪರಿಚಿತವೇನೂ ಅಲ್ಲ. ಶಿರಸಿಯಲ್ಲಿ ಅಡಿಕೆ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ತಟ್ಟೆಯ ಕೆಳಗೆ ಇರುವುದೂ ಇದೇ. ಲೋಹದ ಒಂದು ತುಂಡಿಗೆ ಅತಿ ತೆಳುವಾದ ತಂತಿಯ ಜಾಲವನ್ನು ಅಂಟಿಸಿರುತ್ತಾರೆ. ಭಾರ ಬಿದ್ದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ತಂತಿ ಹಿಗ್ಗುತ್ತದೆ, ಅದರಲ್ಲಿ ಹರಿಯುವ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಆ ಹೆಚ್ಚಳವೇ ತೂಕ. ರೇಸ್ ಕಾರಿನ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಹೆಚ್ಚು ಕೆಳಗೆ ಹೋಗುವುದೂ ಇಲ್ಲ. ಫಾರ್ಮುಲಾ ಒನ್ ಚಾಲಕರು ಜೋರಾದ ಬ್ರೇಕಿಗೆ 100 ಕಿಲೋಗೂ ಮೀರಿದ ಬಲದಿಂದ ಒದೆಯುತ್ತಾರೆ. ಕಾಲಿಗೆ ದೂರಕ್ಕಿಂತ ಒತ್ತಡ ಚೆನ್ನಾಗಿ ನೆನಪಿರುವುದರಿಂದ, ಇಂಥ ಪೆಡಲಿನಲ್ಲಿ ಅಭ್ಯಾಸವಾದವರು ಪ್ರತಿ ಸುತ್ತಿನಲ್ಲೂ ಒಂದೇ ಹದದಲ್ಲಿ ಬ್ರೇಕ್ ಒತ್ತಬಲ್ಲರು.

ಭಾವನ ಕಾಲಿಗೆ ಇಪ್ಪತ್ತು ವರ್ಷಗಳ ಟೆಂಪೋ ಪೆಡಲಿನ ದೂರ ಗೊತ್ತು. ಇಲ್ಲಿ ಮೊದಲು ಮೆಲ್ಲಗೆ ಒತ್ತಿದರು, ಏನೂ ಆಗಲಿಲ್ಲ. ಆಮೇಲೆ ಹೆದರಿ ಪೂರ್ತಿ ಒದ್ದರು. ಅವರು ಆರಿಸಿಕೊಂಡ ಕಾರಿನಲ್ಲಿ ಎಬಿಎಸ್, ಅಂದರೆ ಚಕ್ರ ಸ್ತಬ್ಧವಾಗದಂತೆ ಬ್ರೇಕನ್ನು ತಾನಾಗಿ ಬಿಟ್ಟು ಹಿಡಿಯುವ ವ್ಯವಸ್ಥೆ, ಇರಲಿಲ್ಲ. ಮುಂದಿನ ಚಕ್ರಗಳು ತಿರುಗುವುದು ನಿಂತಿತು. ಟೈರಿನ ಹಿಡಿತವು ದಿನದ ಕೂಲಿಯಂತೆ ಒಂದು ನಿಗದಿತ ಮೊತ್ತ. ಪೂರ್ತಿ ಬ್ರೇಕಿಗೆ ಖರ್ಚಾದರೆ ತಿರುವಿಗೆ ಉಳಿಯುವುದಿಲ್ಲ. ಭಾವ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿದ್ದರೂ ಕಾರು ನೇರ ಗೋಡೆಗೆ ಹೋದದ್ದು ಹೀಗೆ.

ಹತ್ತು ಸೆಂಟಿಮೀಟರಿನಲ್ಲಿ ಇಡೀ ಟ್ರ್ಯಾಕು

ಕೇಂದ್ರದ ಒಂದು ಮೂಲೆಯಲ್ಲಿ ಅಲುಗಾಡುವ ಕುರ್ಚಿಯೂ ಇತ್ತು, ಅದಕ್ಕೆ ಶುಲ್ಕ ಹೆಚ್ಚು. ಕುರ್ಚಿಯ ಕೆಳಗೆ ಉದ್ದ ಗಿಡ್ಡವಾಗುವ ಕಾಲುಗಳಿರುತ್ತವೆ. ಆರು ಕಾಲುಗಳಿರುವ ವ್ಯವಸ್ಥೆಯಲ್ಲಿ ಕುರ್ಚಿಯನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಸರಿಸಬಹುದು. ಮುಂದಕ್ಕೆ ಬಾಗಿಸಬಹುದು, ಪಕ್ಕಕ್ಕೆ ವಾಲಿಸಬಹುದು, ನಿಂತಲ್ಲೇ ತಿರುಗಿಸಬಹುದು. ಟೈರುಗಳನ್ನು ಪರೀಕ್ಷಿಸಲೆಂದು ಇಂಗ್ಲೆಂಡಿನ ಎರಿಕ್ ಗಫ್ 1950ರ ದಶಕದಲ್ಲಿ ಇಂಥದೊಂದು ಆರು ಕಾಲಿನ ಯಂತ್ರ ಕಟ್ಟಿದ್ದರು; 1965ರಲ್ಲಿ ಸ್ಟೀವರ್ಟ್ ಎಂಬವರು ವಿಮಾನದ ಸಿಮ್ಯುಲೇಟರಿಗೆ ಆರು ಕಾಲಿನ ವೇದಿಕೆಯನ್ನು ಸೂಚಿಸಿ ಪ್ರಬಂಧ ಬರೆದರು. ಹೆಸರು ಹೆಚ್ಚಾಗಿ ಉಳಿದದ್ದು ಸ್ಟೀವರ್ಟರದ್ದು.

ಆದರೆ ಕಾಲುಗಳು ಚಾಚುವುದು ಸ್ವಲ್ಪವೇ. ಒಂದು ಲೆಕ್ಕ ಮಾಡೋಣ. ಗಂಟೆಗೆ 200 ಕಿಲೋಮೀಟರ್ ವೇಗದಿಂದ 80ಕ್ಕೆ ಇಳಿಯಲು ಗುರುತ್ವದಷ್ಟೇ ಬಲದ ಬ್ರೇಕ್ ಹಾಕಿದರೆ ಸುಮಾರು 3.4 ಸೆಕೆಂಡು ಬೇಕು. ಅಷ್ಟು ಹೊತ್ತು ಅದೇ ಒತ್ತಡವನ್ನು ಕುರ್ಚಿಯನ್ನು ನಿಜವಾಗಿ ಸರಿಸಿಯೇ ಕೊಡಬೇಕೆಂದರೆ 50 ಮೀಟರಿಗೂ ಉದ್ದದ ಹಳಿ ಬೇಕಾಗುತ್ತದೆ. ಹತ್ತು ಸೆಂಟಿಮೀಟರ್ ಚಾಚುವ ಕಾಲುಗಳಿಗೆ ಆ ಜಾಗ ಒಂದು ಸೆಕೆಂಡಿನ ಏಳನೇ ಒಂದು ಭಾಗದಲ್ಲೇ ಮುಗಿದುಹೋಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ಗುರುತ್ವಾಕರ್ಷಣೆಯನ್ನೇ ಸಾಲ ಪಡೆಯುವುದು. ನಮ್ಮ ಒಳಗಿವಿಯಲ್ಲಿ ಸಣ್ಣ ಸುಣ್ಣದ ಹರಳುಗಳು ಮೃದುವಾದ ಪೊರೆಯ ಮೇಲೆ ಕುಳಿತಿವೆ. ಬಸ್ಸು ಬ್ರೇಕ್ ಹಾಕಿದರೆ ಅವು ಮುಂದಕ್ಕೆ ಜಾರುತ್ತವೆ. ತಲೆಯನ್ನು ಮುಂದಕ್ಕೆ ಬಗ್ಗಿಸಿದರೂ ಜಾರುತ್ತವೆ. ಜಾರಿದ್ದು ಯಾವುದರಿಂದ ಎಂದು ಹರಳಿಗೆ ಗೊತ್ತಾಗುವುದಿಲ್ಲ, ಮಿದುಳು ಕಣ್ಣನ್ನು ಕೇಳಿ ತೀರ್ಮಾನಿಸುತ್ತದೆ. ಆದ್ದರಿಂದ ಬ್ರೇಕ್ ಒತ್ತಿದ ಕೂಡಲೇ ಕುರ್ಚಿ ಒಂದು ಸಣ್ಣ ಕುಲುಕು ಕೊಟ್ಟು, ಬಳಿಕ ಮೆಲ್ಲಗೆ ಮುಂದಕ್ಕೆ ಬಾಗುತ್ತದೆ. ಪರದೆಯಲ್ಲಿ ರಸ್ತೆ ಮಾತ್ರ ಸಮತಟ್ಟಾಗಿಯೇ ಕಾಣುತ್ತಿರುವುದರಿಂದ ಮಿದುಳು ಅದನ್ನು ಬ್ರೇಕಿನ ಒತ್ತಡವೆಂದೇ ನಂಬುತ್ತದೆ. ಆಮೇಲೆ, ಗೊತ್ತಾಗದಷ್ಟು ನಿಧಾನವಾಗಿ, ಕುರ್ಚಿ ತನ್ನ ಮೊದಲಿನ ಜಾಗಕ್ಕೆ ಮರಳಿ ಮುಂದಿನ ತಿರುವಿಗೆ ಸಿದ್ಧವಾಗುತ್ತದೆ.

ಈ ಸಾಲಕ್ಕೂ ಮಿತಿಯಿದೆ. ಕುರ್ಚಿಯನ್ನು 20 ಡಿಗ್ರಿ ಬಾಗಿಸಿದರೆ ಗುರುತ್ವದ ಮೂರನೇ ಒಂದು ಭಾಗದಷ್ಟು ಒತ್ತಡ ಸಿಗುತ್ತದೆ, 30 ಡಿಗ್ರಿಗೆ ಅರ್ಧದಷ್ಟು. ಸಾಮಾನ್ಯ ಕಾರಿನ ತುರ್ತು ಬ್ರೇಕಿನಲ್ಲೇ ಇದಕ್ಕಿಂತ ಹೆಚ್ಚು ಒತ್ತಡ ಬೀಳುತ್ತದೆ. ಫಾರ್ಮುಲಾ ಒನ್ ಕಾರಿನಲ್ಲಿ ಗುರುತ್ವದ ಐದು ಪಟ್ಟಿನವರೆಗೂ ಹೋಗುತ್ತದೆ. ಲೋಡು ತುಂಬಿದ ಟೆಂಪೋ ಓಡಿಸುವವರು ಬಹಳ ಮಟ್ಟಿಗೆ ಬೆನ್ನು ಮತ್ತು ಸೊಂಟದಿಂದಲೇ ಓಡಿಸುತ್ತಾರೆ. ಗಾಡಿ ವಾಲುವುದು, ಹಿಂದಿನಿಂದ ತಳ್ಳುವುದು ಎಲ್ಲ ಸೀಟಿನ ಮೂಲಕ ತಿಳಿಯುತ್ತದೆ. ಸಿಮ್ಯುಲೇಟರಿನಲ್ಲಿ ಆ ಸುದ್ದಿ ಬರುವುದೇ ಇಲ್ಲ, ಬಂದರೂ ಕಾಲುಭಾಗ. ಭಾವ ಅದಕ್ಕಾಗಿ ಕಾಯುತ್ತಿದ್ದರು. ಮೊಬೈಲ್ ಆಟಗಳಲ್ಲಿ ಪಳಗಿದ ಅಳಿಯ ಕಾಯುವ ಅಭ್ಯಾಸವನ್ನೇ ಮಾಡಿಕೊಂಡಿಲ್ಲ. ಅವನಿಗೆ ಕಣ್ಣು ಮತ್ತು ಅಂಗೈ ಸಾಕಾಗಿದ್ದವು.

ಪರದೆ ಒಂದು ಕಿಟಕಿ

ಕಿಟಕಿಯಿಂದ ದೂರ ನಿಂತರೆ ಹೊರಗಿನ ಅಂಗಳ ಒಂದು ಚೂರು ಕಾಣುತ್ತದೆ, ಹತ್ತಿರ ಹೋದರೆ ಇಡೀ ಅಂಗಳ ಕಾಣುತ್ತದೆ. ಪರದೆಯೂ ಹೀಗೆಯೇ. 32 ಇಂಚಿನ ಪರದೆ ಸುಮಾರು 71 ಸೆಂಟಿಮೀಟರ್ ಅಗಲವಿರುತ್ತದೆ. ಅಷ್ಟೇ ದೂರದಲ್ಲಿ ಕುಳಿತರೆ ನಮ್ಮ ಕಣ್ಣಿಗೆ ಅದು ತುಂಬುವುದು ಸುಮಾರು 53 ಡಿಗ್ರಿ. ಆ ಕಿಟಕಿಯೊಳಗೆ ತಂತ್ರಾಂಶ 90 ಡಿಗ್ರಿಯ ನೋಟವನ್ನು ತುರುಕಿದರೆ ಎಲ್ಲವೂ ಕುಗ್ಗಿ, ಎದುರಿನ ತಿರುವು ಇರುವುದಕ್ಕಿಂತ ದೂರದಲ್ಲಿದ್ದಂತೆ ಕಾಣುತ್ತದೆ. ಮೂರು ಪರದೆಗಳನ್ನು ಕಮಾನಿನಂತೆ ಇಡುವುದು, ಪರದೆಯನ್ನು ಸ್ಟೇರಿಂಗಿನ ಹತ್ತಿರಕ್ಕೆ ತರುವುದು ಇದನ್ನು ಸರಿಪಡಿಸಲಿಕ್ಕೆ. ಅಕ್ಕಪಕ್ಕದ ಮರಗಳು ಕಣ್ಣಂಚಿನಲ್ಲಿ ಹಿಂದೆ ಓಡುವುದರಿಂದ ನಮಗೆ ವೇಗದ ಅಂದಾಜು ಸಿಗುತ್ತದೆ. ಒಂದೇ ಪರದೆಯಿದ್ದರೆ ಆ ಅಂಚು ಖಾಲಿ. ಗಂಟೆಗೆ 120 ಕಿಲೋಮೀಟರ್ ವೇಗವೂ 70ರಂತೆ ಅನ್ನಿಸಿಬಿಡುತ್ತದೆ.

ಆಯಿಗೆ ತಲೆ ತಿರುಗಿದ್ದೇಕೆ

ಕೊಂಕಣ ರೈಲಿನಲ್ಲಿ ಓಡಾಡುವವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಒಂಟಿ ಹಳಿಯ ದಾರಿಯಾದ್ದರಿಂದ ರೈಲು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಕ್ರಾಸಿಂಗಿಗೆಂದು ನಿಲ್ಲುತ್ತದೆ. ಕಿಟಕಿಯ ಪಕ್ಕದಲ್ಲಿ ಇನ್ನೊಂದು ರೈಲು ನಿಂತಿರುತ್ತದೆ. ಅದು ಮೆಲ್ಲಗೆ ಹೊರಟಾಗ ನಮ್ಮದೇ ಹೊರಟಿತೆಂದು ಅನ್ನಿಸಿ, ಆಚೆ ಕಿಟಕಿಯ ಪ್ಲಾಟ್‌ಫಾರ್ಮ್ ಅಲ್ಲಾಡದೆ ಇರುವುದನ್ನು ಕಂಡು ನಾಚಿಕೊಳ್ಳುತ್ತೇವೆ. ಕಣ್ಣೊಂದೇ ಸಾಕು, ದೇಹ ಚಲಿಸುತ್ತಿದೆ ಎಂದು ಮಿದುಳನ್ನು ನಂಬಿಸಲು. ಸಿಮ್ಯುಲೇಟರಿನ ಇಡೀ ವ್ಯವಹಾರ ನಿಂತಿರುವುದು ಈ ಭ್ರಮೆಯ ಮೇಲೆ.

ಒಳಗಿವಿಯಲ್ಲಿ ಹರಳುಗಳ ಜೊತೆಗೆ ಮೂರು ಅರೆವರ್ತುಲದ ನಾಳಗಳೂ ಇವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ, ನೀರಿರುವ ತಂಬಿಗೆಯನ್ನು ಗಕ್ಕನೆ ತಿರುಗಿಸಿದರೆ ನೀರು ಹಿಂದುಳಿಯುವಂತೆ, ಆ ದ್ರವವೂ ಹಿಂದುಳಿದು ತಿರುಗುವಿಕೆಯ ಸುದ್ದಿಯನ್ನು ಮಿದುಳಿಗೆ ಕಳಿಸುತ್ತದೆ. ಕಣ್ಣು ಮತ್ತು ಕಿವಿ ಒಂದೇ ಸುದ್ದಿ ತಂದರೆ ತೊಂದರೆಯಿಲ್ಲ. ಅರಬೈಲು ಘಟ್ಟದಲ್ಲಿ ಬಸ್ಸಿನೊಳಗೆ ಪುಸ್ತಕ ಓದುವವನ ಕಿವಿ ತಿರುಗುತ್ತಿದ್ದೇವೆ ಎನ್ನುತ್ತದೆ, ಪುಟದ ಮೇಲಿರುವ ಕಣ್ಣು ಇಲ್ಲ ಎನ್ನುತ್ತದೆ. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಚೀಲ ಬೇಕಾಗುತ್ತದೆ. ಆಯಿಯ ಕುರ್ಚಿಯಲ್ಲಿ ಆದದ್ದು ಇದರ ತಿರುವುಮುರುವು. ಕಣ್ಣು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿತ್ತು, ಕಿವಿ ಮಾತ್ರ ಮನೆಯ ಜಗಲಿಯಲ್ಲಿ ಕುಳಿತಂತೆ ಸುಮ್ಮನಿತ್ತು. ಈ ಜಗಳವನ್ನು ತೀರಿಸಲಾಗದ ಮಿದುಳು ಹೊಟ್ಟೆ ತೊಳಸುವುದು, ಬೆವರು, ಆಕಳಿಕೆಗಳನ್ನು ಹುಟ್ಟಿಸುತ್ತದೆ.

ಬಸ್ಸಿನ ಚಾಲಕರಿಗೆ ಸಾಮಾನ್ಯವಾಗಿ ವಾಂತಿ ಬರುವುದಿಲ್ಲ, ಏಕೆಂದರೆ ಮುಂದೇನಾಗುತ್ತದೆ ಎಂಬುದು ಅವರ ಕೈಯಲ್ಲೇ ಇರುತ್ತದೆ, ಮಿದುಳು ಮೊದಲೇ ಸಿದ್ಧವಾಗಿರುತ್ತದೆ. ವಿಚಿತ್ರವೆಂದರೆ ಸಿಮ್ಯುಲೇಟರಿನಲ್ಲಿ ಅನುಭವಿ ಚಾಲಕರಿಗೇ ಕಸಿವಿಸಿ ಹೆಚ್ಚಾಗುವುದುಂಟು. ಸ್ಟೇರಿಂಗ್ ತಿರುಗಿಸಿದರೆ ದೇಹಕ್ಕೆ ಏನಾಗಬೇಕೆಂಬ ನಿರೀಕ್ಷೆ ಅವರಲ್ಲಿ ಗಟ್ಟಿಯಾಗಿರುತ್ತದೆ, ಅದು ಈಡೇರುವುದಿಲ್ಲ. ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಪರದೆಯಲ್ಲಿ ಸುತ್ತಲಿನ ಕೋಣೆ ಪೂರ್ತಿ ಮರೆಯಾಗುವುದರಿಂದ ತೊಂದರೆ ಇನ್ನೂ ಬೇಗ ಶುರುವಾಗುತ್ತದೆ.

ಮೊದಲ ಬಾರಿಗೆ ಐದು ಹತ್ತು ನಿಮಿಷಕ್ಕೆ ನಿಲ್ಲಿಸುವುದು, ಮೊದಲ ಆಕಳಿಕೆಗೇ ಕಣ್ಣನ್ನು ಪರದೆಯಿಂದ ತೆಗೆದು ಕೋಣೆಯ ಗೋಡೆಯನ್ನು ನೋಡುವುದು, ಮುಖಕ್ಕೆ ಫ್ಯಾನಿನ ಗಾಳಿ ಬೀಳುವಂತೆ ಕುಳಿತುಕೊಳ್ಳುವುದು ಉಪಯುಕ್ತ. ಹಟ ಹಿಡಿದು ಮುಂದುವರಿಸಿದರೆ ಗಂಟೆಗಟ್ಟಲೆ ಸರಿಹೋಗುವುದಿಲ್ಲ. ಹಾಗಾದವರು ಕೂಡಲೇ ನಿಜವಾದ ಗಾಡಿಯನ್ನು ಓಡಿಸಿಕೊಂಡು ಮನೆಗೆ ಹೊರಡುವುದೂ ಸರಿಯಲ್ಲ. ನಾವು ರೈಲಿನಲ್ಲಿ ಹೋದದ್ದು ಒಳ್ಳೆಯದೇ ಆಯಿತು. ಆಯಿ ತಮ್ಮ ಚೀಲದಿಂದ ಒಣಶುಂಠಿ ತೆಗೆದು ಬಾಯಿಗೆ ಹಾಕಿಕೊಂಡು ಅರ್ಧ ಗಂಟೆಗೆ ಸರಿಯಾದರು. ಶುಂಠಿಯಿಂದಲೋ ಅರ್ಧ ಗಂಟೆಯಿಂದಲೋ ನಾನು ಹೇಳಲಾರೆ.

ತಿರುವಿನ ಲೆಕ್ಕ

ಅಳಿಯ ಗೆದ್ದ ಒಂಬತ್ತು ಸೆಕೆಂಡುಗಳಲ್ಲಿ ಬಹುಪಾಲು ನೇರ ರಸ್ತೆಯಲ್ಲಿ ಬಂದದ್ದಲ್ಲ. ಒಂದು ತಿರುವನ್ನು ಎಷ್ಟು ವೇಗದಲ್ಲಿ ದಾಟಬಹುದೆಂಬುದು ಟೈರಿನ ಹಿಡಿತ ಮತ್ತು ತಿರುವಿನ ತ್ರಿಜ್ಯವನ್ನು ಅವಲಂಬಿಸಿದೆ. ಒಣ ಟ್ರ್ಯಾಕಿನಲ್ಲಿ, ಟೈರಿನ ಹಿಡಿತ ಕಾರಿನ ತೂಕದಷ್ಟೇ ಇದೆಯೆಂದು ಇಟ್ಟುಕೊಂಡರೆ, 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗ ಸಾಧ್ಯ. ಅದೇ ತಿರುವಿಗೆ ಟ್ರ್ಯಾಕಿನ ಹೊರ ಅಂಚಿನಿಂದ ಒಳಬಂದು, ನಡುವೆ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಹೊರಬಿದ್ದರೆ ಕಾರು ಹಿಡಿಯುವ ದಾರಿಯ ತ್ರಿಜ್ಯ ದೊಡ್ಡದಾಗುತ್ತದೆ. ಅದು 45 ಮೀಟರ್ ಆದರೆ ವೇಗ ಗಂಟೆಗೆ 75 ಕಿಲೋಮೀಟರ್ ಮುಟ್ಟುತ್ತದೆ. ಇದಕ್ಕೆ ರೇಸಿಂಗ್ ಲೈನ್ ಎನ್ನುತ್ತಾರೆ, ಹೆಚ್ಚಿನ ಸಿಮ್ಯುಲೇಟರ್‌ಗಳಲ್ಲಿ ಹೊಸಬರಿಗಾಗಿ ಅದನ್ನು ರಸ್ತೆಯ ಮೇಲೆ ಬಣ್ಣದ ಗೆರೆಯಾಗಿ ತೋರಿಸುತ್ತಾರೆ.

ಭಾವ ಟ್ರ್ಯಾಕಿನ ಎಡಭಾಗ ಬಿಟ್ಟು ಕದಲಲಿಲ್ಲ. ಎದುರಿನಿಂದ ಲಾರಿ ಬರಬಹುದಾದ ರಸ್ತೆಯಲ್ಲಿ ಇಪ್ಪತ್ತು ವರ್ಷ ಓಡಿಸಿದವರ ಕೈ ಬಲಕ್ಕೆ ಹೋಗುವುದೇ ಇಲ್ಲ, ಹೋಗಲೂಬಾರದು.

ಯಂತ್ರದಿಂದ ರಸ್ತೆಗೆ

ಈ ಯಂತ್ರದಲ್ಲಿ ಕಲಿತದ್ದು ನಿಜವಾದ ರೇಸಿಗೆ ಉಪಯೋಗವಾಗುತ್ತದೆಯೇ ಎಂದು ತಂಗಿ ಕೇಳಿದಳು. ಉಪಯೋಗವಾದ ಉದಾಹರಣೆಗಳಿವೆ. ಬ್ರಿಟನ್ನಿನ ಯಾನ್ ಮಾರ್ಡನ್‌ಬರೋ 2011ರಲ್ಲಿ ಗ್ರ್ಯಾನ್ ಟುರಿಸ್ಮೊ ಎಂಬ ಕಾರ್ ರೇಸಿನ ವಿಡಿಯೋ ಆಟದ ಸ್ಪರ್ಧೆಯೊಂದನ್ನು ಗೆದ್ದು ರೇಸ್ ಕಾರಿಗೆ ಹತ್ತಿದರು. 2013ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟದಲ್ಲಿ ಅವರ ತಂಡ ತನ್ನ ವಿಭಾಗದಲ್ಲಿ ಮೂರನೇ ಸ್ಥಾನ ಪಡೆಯಿತು. ಫಾರ್ಮುಲಾ ಒನ್‌ನಲ್ಲಿ ಖರ್ಚು ತಗ್ಗಿಸಲೆಂದು 2009ರಿಂದ ಋತುವಿನ ನಡುವೆ ಟ್ರ್ಯಾಕಿನಲ್ಲಿ ಪರೀಕ್ಷೆ ನಡೆಸುವುದನ್ನು ಬಹಳ ಬಿಗಿಗೊಳಿಸಿದ ಮೇಲೆ, ತಂಡಗಳ ತಯಾರಿಯ ದೊಡ್ಡ ಪಾಲು ಸಿಮ್ಯುಲೇಟರಿಗೆ ವರ್ಗವಾಯಿತು. ನಮ್ಮ ದೇಶದಲ್ಲಿ ನಿಜವಾದ ರೇಸ್ ಟ್ರ್ಯಾಕುಗಳೇ ಬೆರಳೆಣಿಕೆಯಷ್ಟು: ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯದ್ದು, ಕೊಯಮತ್ತೂರಿನದ್ದು, 2011ರಿಂದ 2013ರವರೆಗೆ ಮೂರು ಫಾರ್ಮುಲಾ ಒನ್ ಓಟಗಳು ನಡೆದ ಗ್ರೇಟರ್ ನೋಯ್ಡಾದ್ದು. ಉತ್ತರ ಕನ್ನಡದ ಹುಡುಗನಿಗೆ ಇವೆಲ್ಲ ದೂರದ ಮಾತು.

ಊರಿನ ರಸ್ತೆಯಂತೂ ಅವನಿಗೆ ಮುಚ್ಚಿದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾರು ಓಡಿಸಲು 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಬಳಿಕ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ವಿಧಿಸಬಹುದು, ಗಾಡಿಯ ನೋಂದಣಿಯೂ ಹನ್ನೆರಡು ತಿಂಗಳು ರದ್ದಾಗುತ್ತದೆ. ಸಿಮ್ಯುಲೇಟರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅದರಲ್ಲಿ ಎಷ್ಟು ಗಂಟೆ ಓಡಿಸಿದರೂ ಲೈಸೆನ್ಸಿನ ಲೆಕ್ಕಕ್ಕೆ ಬರುವುದೂ ಇಲ್ಲ. ಸರ್ಕಾರದ ಮಾನ್ಯತೆ ಪಡೆಯುವ ಚಾಲನಾ ತರಬೇತಿ ಕೇಂದ್ರಗಳಲ್ಲಿ ಸಿಮ್ಯುಲೇಟರ್ ಇರಬೇಕೆಂಬ ನಿಯಮ 2021ರ ಜುಲೈಯಿಂದ ಜಾರಿಯಲ್ಲಿದೆ, ಆದರೆ ಆ ಯಂತ್ರಗಳು ಕಲಿಸುವುದು ಸಿಗ್ನಲ್, ಕನ್ನಡಿ, ಕ್ಲಚ್ಚುಗಳನ್ನು. ರೇಸಿನ ಯಂತ್ರ ಕಲಿಸುವುದು ಬೇರೆ.

ಹೋಗುವ ಮೊದಲು ಕೇಳಬೇಕಾದದ್ದು

ಶುಲ್ಕ ನಿಮಿಷದ ಲೆಕ್ಕದಲ್ಲಿರುತ್ತದೆ, ಸೀಟು ಪೆಡಲ್ ಹೊಂದಿಸುವ ಸಮಯ ಅದರೊಳಗೇ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಪೆಡಲಿಗೆ ಕಾಲು ಎಟುಕದ ಮಕ್ಕಳನ್ನು ಹಣ ಕೊಟ್ಟು ಕೂರಿಸಿದರೂ ಪ್ರಯೋಜನವಿಲ್ಲ. ವಯಸ್ಸಿಗಿಂತ ಎತ್ತರ ಮುಖ್ಯ. ಮೂರ್ಛೆರೋಗ ಇರುವವರಿಗೆ ಮಿನುಗುವ ಪರದೆ, ಬಸುರಿಯರಿಗೆ ಮತ್ತು ಕತ್ತು ಬೆನ್ನಿನ ನೋವಿರುವವರಿಗೆ ಅಲುಗಾಡುವ ಕುರ್ಚಿ ಹೇಳಿಸಿದ್ದಲ್ಲ. ಅಲುಗಾಡುವ ಕುರ್ಚಿಗೆ ಕೊಡುವ ಹೆಚ್ಚುವರಿ ಹಣದಲ್ಲಿ ಸಾದಾ ಕುರ್ಚಿಯಲ್ಲೇ ಇನ್ನೂ ಹತ್ತು ನಿಮಿಷ ಓಡಿಸುವುದು ಲೇಸೆಂದು ನನ್ನ ಅಭಿಪ್ರಾಯ, ಅಳಿಯ ಇದನ್ನು ಒಪ್ಪುವುದಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಭಾವ ಇನ್ನೊಮ್ಮೆ ಕುಳಿತರು. ಈ ಬಾರಿ ಪರದೆಯನ್ನು ಹತ್ತಿರಕ್ಕೆ ಎಳೆಸಿಕೊಂಡರು, ಎಬಿಎಸ್ ಇರುವ ಕಾರು ಕೇಳಿದರು, ಬ್ರೇಕಿಗೆ ಮೊದಲು ಸ್ಪೀಡೋಮೀಟರ್ ನೋಡತೊಡಗಿದರು. ಒಂಬತ್ತು ಸೆಕೆಂಡಿನ ಅಂತರ ನಾಲ್ಕಕ್ಕೆ ಇಳಿಯಿತು. ಗೋಡೆಗೆ ಗುದ್ದಿದ್ದು ಒಂದೇ ಸಲ, ಅದೂ ಬಲಗಡೆಯ ಅಂಚಿಗೆ ಹೋಗಲು ಕೊನೆಗೂ ಮನಸ್ಸು ಮಾಡಿದಾಗ.